ಬಾವಿಯಲ್ಲಿ ನೀರಿತ್ತು

ಬಾವಿಯಲ್ಲಿ ನೀರಿತ್ತು. ಇಲ್ಲ ಎಂದು ಹೇಳಿದವನು ನಾನು. ನೋಡದೆ ಹೇಳಿದ್ದಲ್ಲ — ಮೆಟ್ಟಿಲಿಳಿದು ಹೋಗಿ, ಬೊಗಸೆಯಲ್ಲಿ ಎತ್ತಿ ಕುಡಿದು, ಮೇಲೆ ಬಂದು ಹೇಳಿದ್ದು.

ಇಷ್ಟು ವರ್ಷ ಇದನ್ನು ಹೆಂಡತಿಗೂ ಹೇಳಿಲ್ಲ. ಹಿರಿಯೂರಿನಲ್ಲಿ ನನ್ನನ್ನು ಬಲ್ಲವರೆಲ್ಲ ಮೇಷ್ಟ್ರು ಎನ್ನುತ್ತಾರೆ. ಗಣಿತ ಕಲಿಸುತ್ತಿದ್ದೆ, ಸುಳ್ಳು ಹೇಳಿ ಸಿಕ್ಕಿಬಿದ್ದ ಹುಡುಗರ ಕಿವಿ ಹಿಂಡುತ್ತಿದ್ದೆ. ನಿವೃತ್ತನಾದ ಮೇಲೆ ದರ್ಗಾ ಕಮಿಟಿಯವರು ಮನೆಗೆ ಬಂದು, ಲೆಕ್ಕ ಬಲ್ಲವರು, ನಂಬಿಗಸ್ತರು ಎಂದು ಹೇಳಿ ನನ್ನನ್ನೇ ಕಾರ್ಯದರ್ಶಿ ಮಾಡಿದರು. ಬೇಲಿಯೇ ಎದ್ದು ಹೊಲ ಮೇಯುವ ಮಾತು ಮಕ್ಕಳಿಗೆ ಹೇಳಿಕೊಟ್ಟವನು ನಾನೇ.

ದರ್ಗಾ ಇರುವುದು ಊರ ಹೊರಗೆ, ಬಬ್ಬೂರಿಗೆ ಹೋಗುವ ರಸ್ತೆಯ ಬದಿಯಲ್ಲಿ. ಸುತ್ತಲಿನ ಜಮೀನು ವಕ್ಫ್ — ಅಂದರೆ ದೇವರ ಹೆಸರಿನಲ್ಲಿ ಬಿಟ್ಟುಕೊಟ್ಟದ್ದು. ಅದನ್ನು ಮಾರುವಂತಿಲ್ಲ, ಬರುವ ಆದಾಯ ಬಡವರಿಗೆ ಸೇರಬೇಕು, ಕೊಟ್ಟವರು ಹಾಕಿದ ಷರತ್ತನ್ನು ಮೀರುವಂತಿಲ್ಲ. ನಮ್ಮಲ್ಲಿ ಕೊಟ್ಟವಳು ಒಬ್ಬ ತಾಯಿ. ಒಬ್ಬನೇ ಮಗನನ್ನು ಬೇಸಗೆಯ ದಾರಿಯಲ್ಲಿ ಬಾಯಾರಿಕೆಗೆ ಕಳೆದುಕೊಂಡವಳಂತೆ. ಅವಳ ಹೆಸರು ಈಗ ಯಾರಿಗೂ ನೆನಪಿಲ್ಲ, ಷರತ್ತು ಮಾತ್ರ ಬಾಯಿಂದ ಬಾಯಿಗೆ ಉಳಿದು ಬಂದಿದೆ. ಅವಳು ತೋಡಿಸಿದ ಬಾವಿಯಲ್ಲಿ ನೀರಿರುವ ತನಕ ಅದನ್ನು ಮುಚ್ಚಬಾರದು. ಬಾಯಾರಿ ಬಂದದ್ದು ಎರಡು ಕಾಲಿನದೋ ನಾಲ್ಕು ಕಾಲಿನದೋ, ಯಾರ ಪೈಕಿ ಎಂದು ಕೇಳಬಾರದು.

ಆಗ ದರ್ಗಾಕ್ಕೆ ಬರುತ್ತಿದ್ದ ಆದಾಯವೆಂದರೆ ಹುಣಸೆಮರಗಳ ಹರಾಜು, ಒಂದು ಸೈಕಲ್ ರಿಪೇರಿ ಅಂಗಡಿಯ ಬಾಡಿಗೆ, ಅಷ್ಟೇ. ವಿಧವೆಯರು ತಿಂಗಳ ಮೊದಲಿಗೆ ಬಂದು ಕಟ್ಟೆಯ ಮೇಲೆ ಕುಳಿತು ಬರಿಗೈಯಲ್ಲಿ ಎದ್ದು ಹೋಗುತ್ತಿದ್ದರು. ರಸ್ತೆಗೆ ಮುಖ ಮಾಡಿ ಒಂದು ಶಾದಿ ಮಹಲ್ ಕಟ್ಟಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದವನು ನಾನು. ಲೆಕ್ಕ ತಪ್ಪಿರಲಿಲ್ಲ. ಆದರೆ ಮಹಲ್ ಬರಬೇಕಾದ ಜಾಗದ ನಡುಮಧ್ಯೆ ಆ ಬಾವಿ ಇತ್ತು.

ಊರಿಗೆ ನಲ್ಲಿ ಬಂದ ಮೇಲೆ ಬಾವಿಯನ್ನು ಯಾರೂ ಬಗ್ಗಿ ನೋಡುತ್ತಿರಲಿಲ್ಲ. ಮೇಲಿನಿಂದ ನೋಡಿದರೆ ಕತ್ತಲೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಅಲ್ಲಿಗೆ ಬರುತ್ತಿದ್ದವನು ಒಬ್ಬನೇ — ಹರಿಯಬ್ಬೆಯ ಕುರಿಗಾಹಿ ಕರಿಯಣ್ಣ. ಪ್ರತಿ ಬೇಸಗೆಯಲ್ಲೂ ಮಂದೆ ಹೊಡೆದುಕೊಂಡು ಹೊಸದುರ್ಗದ ಕಡೆ ಹೋಗುವಾಗ ಅಲ್ಲಿ ತಂಗಿ, ಕುರಿಗಳಿಗೆ ನೀರು ಸೇದಿ ಹಾಕುತ್ತಿದ್ದ. ಹೊಸ ಕಂಬಳಿ ನೇಯಿಸಿದರೆ ಅದನ್ನು ಮೊದಲು ದರ್ಗಾದ ಹೊಸ್ತಿಲಿಗೆ ಮುಟ್ಟಿಸಿ ಆಮೇಲೆ ಹೊದೆಯುತ್ತಿದ್ದ.

ಆ ವರ್ಷ ಅವನು ಮಂದೆಯೊಂದಿಗೆ ಬಂದಿಳಿದ ದಿನವೇ ಕಮಿಟಿಯ ಸಭೆ. ಅಧ್ಯಕ್ಷರು ದೈವಭೀರು ಮನುಷ್ಯ. "ಮೇಷ್ಟ್ರೇ, ನೀವೂ ಕರಿಯಣ್ಣನೂ ಇಳಿದು ನೋಡ್ಕಂಡು ಬರ್ರಿ. ಇಬ್ರು ಸಾಕ್ಷಿ ಇದ್ರೆ ಸಾಕು" ಎಂದರು.

ಸುಡುವ ಮಧ್ಯಾಹ್ನ. ಕರಿಯಣ್ಣ ಮುಂದೆ, ನಾನು ಹಿಂದೆ. ಇಳಿಯುತ್ತ ಹೋದಂತೆ ಮೇಲಿನ ಸದ್ದೆಲ್ಲ ಅಡಗಿತು — ಲಾರಿಗಳ ಸದ್ದು, ಕುರಿಗಳ ಸದ್ದು, ಕೊನೆಗೆ ನಮ್ಮ ಹೆಜ್ಜೆಯ ಸದ್ದೂ ಅಡಗಿದಂತಾಯಿತು. ಮೆಟ್ಟಿಲು ತಿರುಗಿದಲ್ಲಿ ಅವನು ನಿಂತು ಕೋಲಿನಿಂದ ತೋರಿಸಿದ.

"ಐತೆ ನೋಡ್ರಿ ಮೇಷ್ಟ್ರೇ. ಆ ತಾಯಿ ಕೈಬಿಟ್ಟಿಲ್ಲ."

ಅಷ್ಟು ಹೇಳಿ, ಕುರಿಗಳನ್ನು ಬಿಟ್ಟು ಬಂದಿದ್ದರಿಂದ, ಅಲ್ಲಿಂದಲೇ ಮೇಲೆ ಹತ್ತಿದ. ನಾನು ಕೊನೆಯ ಮೆಟ್ಟಿಲ ತನಕ ಹೋದೆ. ಅಲುಗದ, ಕಪ್ಪಗಿನ ನೀರು. ಅದರಲ್ಲಿ ನನ್ನ ಮುಖ. ಬೊಗಸೆ ಅದ್ದಿ ಕುಡಿದೆ — ಸಿಹಿನೀರು. ನೀರು ಕಲಕಿತು, ಮುಖ ಕಲಕಲಿಲ್ಲ. ಹತ್ತುತ್ತ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದೆ. ಆ ಮುಖ ನೀರಿನಲ್ಲಿ ಅಲ್ಲೇ ಇತ್ತು, ಮೇಲಕ್ಕೆ ನನ್ನನ್ನೇ ನೋಡುತ್ತ. ಬೆಳಕಿನ ಆಟ ಎಂದುಕೊಂಡೆ. ಗಣಿತದ ಮೇಷ್ಟ್ರು ಬೇರೇನು ಅಂದುಕೊಂಡಾನು.

ಹುಣಸೆಮರದ ಕೆಳಗೆ ಎಲ್ಲರೂ ಕಾಯುತ್ತಿದ್ದರು. ಗಂಟಲಿನಲ್ಲಿ ಇನ್ನೂ ತಂಪಿತ್ತು. ಆ ತಂಪಿನಲ್ಲೇ ಹೇಳಿದೆ:

"ಬತ್ತಿದೆ. ತಳದಲ್ಲಿ ಬರೀ ಕೆಸರು."

ಮೊದಲೇ ಯೋಚಿಸಿಟ್ಟ ಸುಳ್ಳಲ್ಲ ಎಂದು ಹೇಳಬಹುದು — ಹೇಳುವುದಿಲ್ಲ. ಮಹಲಿನ ಬಾಗಿಲ ಕಲ್ಲಿನ ಮೇಲೆ ನನ್ನ ಹೆಸರು ಹೇಗೆ ಕಾಣುತ್ತದೆ ಎಂದು ಆಗಲೇ ಎಷ್ಟೋ ಸಲ ಮನಸ್ಸಿನಲ್ಲಿ ಬರೆದು ನೋಡಿಕೊಂಡಿದ್ದೆ.

ಕರಿಯಣ್ಣ ಕೋಲೂರಿ ನಿಂತಿದ್ದವನು ತಲೆ ಎತ್ತಿದ. "ಅಲ್ರೀ ಮೇಷ್ಟ್ರೇ... ಹೊಳೀತಿತ್ತಲ್ರೀ."

"ಏನಪ್ಪ ಕರಿಯಣ್ಣ, ಮೇಷ್ಟ್ರು ಸುಳ್ಳು ಹೇಳ್ತಾರೇನು?" ಎಂದರು ಅಧ್ಯಕ್ಷರು.

ಅವನು ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಿದ. ಸಿಟ್ಟಿನಿಂದಲ್ಲ — ನಾನು ತಿದ್ದಿಕೊಳ್ಳಲಿ ಎಂದು ಜಾಗ ಬಿಟ್ಟುಕೊಟ್ಟಂತೆ. ನಾನು ಚಪ್ಪಲಿಯ ಧೂಳು ನೋಡುತ್ತ ನಿಂತೆ.

"ಅವರ್ಯಾಕೆ ಸುಳ್ಳು ಹೇಳ್ತಾರೆ ಬಿಡ್ರಿ" ಎಂದ ಕೊನೆಗೆ. "ನನ್ ಕಣ್ಣೇ ಮಂಜಾಗಿರ್ಬೇಕು."

ಇನ್ನೊಮ್ಮೆ ಇಳಿದು ನೋಡಿದ್ದರೆ ಮುಗಿಯುತ್ತಿತ್ತು. ಅವನು ಇಳಿಯಲಿಲ್ಲ. ಮೇಷ್ಟ್ರ ಮಾತನ್ನು ಪರೀಕ್ಷೆ ಮಾಡಿದಂತಾಗುತ್ತದೆ ಎಂದೋ — ಅಥವಾ ಇಳಿದು ನೋಡಲು ಭಯವಾಯಿತೋ. ಬಾಯಾರಿದ ಮಂದೆಯನ್ನು ಹಾಗೆಯೇ ಹೊಳೆಯ ಕಡೆಗೆ ಹೊಡೆದುಕೊಂಡು ಹೋದ. ಆಮೇಲೆ ಅವನು ಕುರಿಗಳನ್ನೆಲ್ಲ ಮಾರಿಬಿಟ್ಟ ಸುದ್ದಿ ಬಸ್‌ಸ್ಟ್ಯಾಂಡಿನಲ್ಲಿ ಕಿವಿಗೆ ಬಿತ್ತು. ಇಲ್ಲದ ಕಡೆ ನೀರು ಕಾಣುವವನು ಮಂದೆ ಕಾಯಬಾರದು ಅಂದನಂತೆ. ಕೇಳಿ ನಾನು ಟೀ ಮುಗಿಸಿ ಮನೆಗೆ ಬಂದೆ.

ಮಹಲ್ ಎದ್ದಿತು. ಬಾವಿಗೆ ಮಣ್ಣು ತುಂಬಿಸುವುದು ದಂಡ ಎಂದು ಕಂಟ್ರಾಕ್ಟರು ಮೇಲೆ ಕಾಂಕ್ರೀಟ್ ಹಾಸಿ ಟೈಲ್ಸ್ ಕೂರಿಸಿದ. ಆದಾಯ ಬಂತು. ವಿಧವೆಯರು ಈಗ ಬರಿಗೈಯಲ್ಲಿ ಹೋಗುವುದಿಲ್ಲ, ಎಷ್ಟೋ ಹೆಣ್ಣುಮಕ್ಕಳು ಕಾಲೇಜು ಮುಗಿಸಿದರು. ಅದೆಲ್ಲ ನಿಜ. ಅದನ್ನು ನನ್ನ ಪರ ಸಾಕ್ಷಿಗೆ ಕರೆಯುವುದಿಲ್ಲ.

ಮೊದಲ ಮದುವೆಯ ಊಟದ ಹೊತ್ತಿಗೇ ಶುರುವಾಯಿತು. ಊಟದ ಹಾಲ್‌ನ ನಡುವೆ ಒಂದು ಜಾಗದಲ್ಲಿ ಯಾರೂ ಕೂರಲಿಲ್ಲ. ಬೇಡವೆಂದು ಯಾರೂ ಹೇಳಿರಲಿಲ್ಲ, ಬಂದವರೆಲ್ಲ ತಾವಾಗಿಯೇ ಸರಿದು ಕುಳಿತರು. ಮದುಮಗಳ ಅಜ್ಜಿ ಬಿರಿಯಾನಿಯ ತಟ್ಟೆಯಿಂದ ಕೈ ತೆಗೆದು, "ಕೆಳಗೆ ಯಾರೋ ನೀರು ಸೇದ್ತಾವ್ರಲ್ಲ?" ಎಂದರು. ಎಲ್ಲರೂ ನಕ್ಕರು. ನನಗೂ ಕೇಳಿಸಿತ್ತು — ಕೊಡ ಮುಳುಗುವ ಬುಳಕ್ ಸದ್ದು. ಈಗಲೂ ಕೇಳಿಸುತ್ತದೆ, ಬ್ಯಾಂಡಿನ ಸದ್ದಿನ ನಡುವೆಯೂ.

ನಮಾಜಿಗೆ ಮುಂಚೆ ವುಜೂ ಮಾಡಲು, ಅಂದರೆ ಕೈಕಾಲು ಮುಖ ತೊಳೆಯಲು, ಬೊಗಸೆಯಲ್ಲಿ ನೀರು ಹಿಡಿಯುತ್ತೇನಲ್ಲ — ಅದರಲ್ಲಿ ಆಕಾಶ ಕಾಣುತ್ತದೆ, ಬೇವಿನ ಕೊಂಬೆ ಕಾಣುತ್ತದೆ. ನಾನು ಕಾಣುವುದಿಲ್ಲ. ವಯಸ್ಸಾಯಿತು, ಕನ್ನಡಕ ಬದಲಿಸು ಎಂದಳು ಹೆಂಡತಿ. ಬದಲಿಸಿದೆ. ಬೇವಿನ ಎಲೆಗಳು ಇನ್ನೂ ಸ್ಪಷ್ಟವಾಗಿ ಕಂಡವು.

ಹೋದ ವಾರ ಒಂದು ಮಧ್ಯಾಹ್ನ ಮಹಲಿನ ಬಾಗಿಲು ತೆಗೆದಿತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಮಂದೆಯೊಂದು ತಾನಾಗಿಯೇ ತಿರುಗಿ ಒಳಗೆ ಬಂತು. ಒಂದು ಕುರಿಯೂ ಅರಚಲಿಲ್ಲ. ಯಾರೂ ಕೂರದ ಆ ಜಾಗದ ಸುತ್ತ ದುಂಡಗೆ ನಿಂತು, ತಲೆ ಬಗ್ಗಿಸಿ, ಒಣ ಟೈಲ್ಸಿಗೆ ಮೂತಿ ಹಚ್ಚಿದವು. ಅವುಗಳ ಗಂಟಲು ಆಡುತ್ತಿತ್ತು. ಗುಟುಕು ಗುಟುಕಾಗಿ, ನಿಧಾನವಾಗಿ — ಕುಡಿಯುವಾಗ ಆಡುತ್ತದಲ್ಲ, ಹಾಗೆ.

ಹಿಂದೆ ಓಡಿಬಂದ ಹೆಂಗಸು ಮಾಡದಕೆರೆ ಕಡೆಯವಳು. ಕೋಲೆತ್ತಿದವಳು ಹೊಡೆಯದೆ ನಿಂತುಬಿಟ್ಟಳು. "ಈ ದಾರಿ ಇವು ಕಂಡೇ ಇಲ್ಲ ಸಾಮಿ. ನಮ್ಮಲ್ಲೇ ಹುಟ್ಟಿದ್ವು. ಇವುಗಳ ಅಜ್ಜಿ ಕುರೀನ ನಮ್ಮಪ್ಪ ಹರಿಯಬ್ಬೆ ಕರಿಯಣ್ಣನ ತಾವ ಕೊಂಡಿದ್ದ."

ಮರುದಿನ ಬಸ್ಸು ಹತ್ತಿ ಹರಿಯಬ್ಬೆಗೆ ಹೋದೆ.

ಕರಿಯಣ್ಣ ಜಗಲಿಯ ಮೇಲಿದ್ದ. ದೂರದಿಂದಲೇ ಗುರುತು ಹಿಡಿದು, "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ" ಎಂದ. ಅವನ ಕಣ್ಣು ನೆಟ್ಟಗೇ ಇತ್ತು. ಒಳಗೆ ಹೋಗಿ ಚೊಂಬು ತಂದ. ಕೊಡುವ ಮೊದಲು ಅದರೊಳಗೆ ಬೆರಳು ಅದ್ದಿ ನೋಡಿದ — ನೀರಿದೆಯೋ ಇಲ್ಲವೋ ಎಂದು. ಅಂಚಿನ ತನಕ ತುಂಬಿದ ಚೊಂಬು ಅದು.

ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ. ಎಲ್ಲವನ್ನೂ — ಕುಡಿದದ್ದನ್ನೂ.

ಅವನು ಬೀದಿಯ ಕಡೆಯಿಂದ ನನ್ನತ್ತ ತಿರುಗಿದ.

"ಹಂಗಾರೆ ಆವತ್ತು ನಂಗೆ ಕಂಡಿದ್ದು ನೀರೇನಾ?"

"ನೀರೇ ಕರಿಯಣ್ಣ."

"ಕುರಿಗುಳು ಬಾಯಾರ್ಕಂಡೇ ಹೋದ್ವಲ್ಲ ಮೇಷ್ಟ್ರೇ" ಎಂದ. ಕ್ಷಮಿಸು ಎಂದು ನಾನು ಕೇಳಲಿಲ್ಲ. ಅವನ ಕಣ್ಣನ್ನೇ ಕಿತ್ತುಕೊಂಡಿದ್ದವನು ಅದನ್ನು ಯಾವ ಬಾಯಲ್ಲಿ ಕೇಳಲಿ?

ಬರುವ ಶುಕ್ರವಾರ ನಮಾಜು ಮುಗಿದ ಮೇಲೆ ಎಲ್ಲರೆದುರು ನಿಂತು ಹೇಳಲಿದ್ದೇನೆ: ಬಾವಿಯಲ್ಲಿ ನೀರಿತ್ತು, ಟೈಲ್ಸು ಒಡೆಸಿ ನೋಡಿ. ಒಡೆಸುತ್ತಾರೋ, ಮುದುಕನಿಗೆ ಅರಳುಮರಳು ಎನ್ನುತ್ತಾರೋ ಗೊತ್ತಿಲ್ಲ. ಕರಿಯಣ್ಣ ಬರುತ್ತೇನೆ ಎಂದಿದ್ದಾನೆ. ನನ್ನ ಮಾತೊಂದೇ ಸಾಲದು ಎಂಬುದು ಅವನಿಗೂ ಈಗ ಗೊತ್ತು.