ಹುಳದಕ್ಕನ ಉಗ್ರಾಣ

ಆಕೆಗೆ ಹುಳದಕ್ಕ ಎಂಬ ಹೆಸರು ಬಿದ್ದದ್ದು ಗೇಲಿಯಿಂದ. ಆಕೆ ಧಾನ್ಯದ ಹುಳಗಳಿಗೆ ಹಾಲೆರೆಯುತ್ತಿದ್ದಳು, ಅವುಗಳಿಗೆ ಒಂದೊಂದಾಗಿ ಹೆಸರಿಟ್ಟಿದ್ದಳು ಎಂದೆಲ್ಲ ಇಂದಿಗೂ ಹೇಳಿಕೊಂಡು ತಿರುಗುವವರಿದ್ದಾರೆ. ಇದು ಶುದ್ಧ ಸುಳ್ಳು. ಹೀಗೆ ಹೇಳುವವರಲ್ಲಿ ಒಬ್ಬರೂ ಆ ಉಗ್ರಾಣದ ಹೊಸ್ತಿಲು ದಾಟಿ ಒಳಗೆ ಬಂದವರಲ್ಲ. ನಡೆದದ್ದನ್ನು ನಡೆದಂತೆ ಹೇಳಿದರೆ ಆಕೆಯ ಘನತೆಗೆ ಕುಂದಿಲ್ಲ. ಆಕೆ ಮಾಡಿದ ತಪ್ಪಿಗೆ ಮುಸುಕೂ ಬೇಕಿಲ್ಲ.

ಧಾನ್ಯದ ಅಂಗಡಿ ತಂದೆಯ ಕಾಲದ್ದು. ಗಂಡ ತೀರಿಕೊಂಡ ಮೇಲೆ ಆಕೆ ತವರಿಗೆ ಬಂದಳು. ಗಲ್ಲಾಪೆಟ್ಟಿಗೆಯನ್ನು ತಮ್ಮ ನೋಡಿಕೊಂಡ, ಉಗ್ರಾಣವನ್ನು ಅಕ್ಕ ವಹಿಸಿಕೊಂಡಳು. ಮನೆ ಜೈನರದು. ತಾಯಿ ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸುವುದನ್ನು ಕಲಿಸಿದ್ದಳು. ಸೋಸಿದ ಬಟ್ಟೆಯನ್ನು ಮಗುಚಿ, ಅದರಲ್ಲಿ ಉಳಿದ ಸಣ್ಣ ಜೀವಗಳನ್ನು ಅದೇ ಬಾವಿಯ ನೀರಿಗೆ ಮರಳಿಸುವುದನ್ನೂ ಕಲಿಸಿದ್ದಳು. ಬದುಕಿನ ಕೆಲಸದಲ್ಲಿ ಅರಿಯದೆ ಆಗಿಹೋಗುವ ಹಿಂಸೆ ಬೇರೆ, ಕೊಲ್ಲಬೇಕೆಂದು ಮನಸ್ಸು ಮಾಡಿ ಕೊಲ್ಲುವ ಹಿಂಸೆ ಬೇರೆ. ಎರಡನೆಯದನ್ನು ಮಾಡುವುದಿಲ್ಲವೆಂದು ಆಕೆ ಎಳೆಯ ವಯಸ್ಸಿನಲ್ಲಿಯೇ ವ್ರತ ಹಿಡಿದಿದ್ದಳು.

ಹಿಡಿದದ್ದನ್ನು ಬಿಡುವ ಜಾಯಮಾನ ಆಕೆಯದಲ್ಲ. ಹುಳ ಹಿಡಿದ ಕಡಲೆಯನ್ನು ಬೇರೆಯವರು ಸುಡುಬಿಸಿಲಿಗೆ ಹರವುತ್ತಾರೆ. ಕಾಳು ಉಳಿಯುತ್ತದೆ, ಹುಳ ಹುರಿದುಹೋಗುತ್ತದೆ. ಅಕ್ಕ ನೆರಳಿಗೆ ಹರವುತ್ತಿದ್ದಳು. ಜರಡಿ ಹಿಡಿದು, ಮೆತ್ತನೆಯ ಕುಂಚದಿಂದ ಹುಳಗಳನ್ನು ಮೊರಕ್ಕೆ ಇಳಿಸಿಕೊಂಡು, ಉಗ್ರಾಣದ ಹಿಂದಿನ ಪಾಳು ಕೋಣೆಗೆ ಒಯ್ಯುತ್ತಿದ್ದಳು. ಅಲ್ಲಿ ಸಾಲಾಗಿಟ್ಟ ಮಣ್ಣಿನ ತಟ್ಟೆಗಳಲ್ಲಿ ಅವುಗಳಿಗೆ ನುಚ್ಚು, ಒಡಕಲು ಕಾಳು ಕಾದಿರುತ್ತಿತ್ತು. ಎದುರಿನ ಹಿಟ್ಟಿನ ಗಿರಣಿಯವನಿಗೆ ಇದು ದಿನನಿತ್ಯದ ವಿನೋದ.

"ಏನಕ್ಕಾ, ಇವತ್ತು ಎಷ್ಟು ಬಾಣಂತನ?"

"ಎಲ್ಲಾ ಸುಖಪ್ರಸವ ಕಣೋ. ನಿನ್ನ ಕೈಗೆ ಸಿಕ್ಕಿದ್ರೆ ಇಷ್ಟೊತ್ತಿಗೆ ಹಿಟ್ಟಾಗ್ತಿದ್ವು."

ಹೀಗೆ ನಡೆದುಕೊಂಡು ಬಂದ ಅಂಗಡಿಗೆ ಒಂದು ಬೆಳಗ್ಗೆ ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಕಿ ತಾನೇ ಬಂದಳು. ಅಂಗಡಿಗೆ ಆಧಾರಸ್ತಂಭವೆಂದರೆ ಆ ಆಸ್ಪತ್ರೆಯೇ. ಆಕೆಯ ಹಿಂದೆ ಕೂಲಿಯವನ ತಲೆಯ ಮೇಲೆ, ಈ ಅಂಗಡಿಯಿಂದಲೇ ಹೋಗಿದ್ದ ಕಡಲೆಯ ಮೂಟೆ. ಬಾಯಿ ಬಿಚ್ಚಿದರೆ ಕಾಳಿಗಿಂತ ಹುಳವೇ ಮೊದಲು ಕಣ್ಣಿಗೆ ಬೀಳುವಂತಿತ್ತು.

"ರೋಗಿಗಳಿಗೆ ಇದನ್ನ ಬೇಯಿಸಿ ಹಾಕೋದಾ ಅಕ್ಕಾ? ನಿಮ್ಮ ಮುಖ ನೋಡಿ ಸುಮ್ನಿದ್ದೀನಿ. ಮುಂದಿನ ಸಲವೂ ಹೀಗೇ ಆದ್ರೆ ನಾನು ಬೇರೆ ಅಂಗಡಿ ನೋಡ್ಕೋಬೇಕಾಗತ್ತೆ."

ಮೇಲ್ವಿಚಾರಕಿ ಬೀದಿಯ ತಿರುವು ದಾಟುವಷ್ಟರಲ್ಲಿ ತಮ್ಮ, ವಿಷದ ಮಾತ್ರೆಗಳ ಡಬ್ಬಿಯನ್ನು ತಂದು ಮೇಜಿನ ಮೇಲೆ ಕುಕ್ಕಿದ. ಮೂಟೆಗಳ ನಡುವೆ ಇಟ್ಟು ಬಾಗಿಲು ಮುಚ್ಚಿದರೆ, ಅವುಗಳಿಂದೇಳುವ ವಿಷದ ಹೊಗೆಗೆ ಉಗ್ರಾಣದಲ್ಲಿ ಒಂದು ಜೀವವೂ ಉಳಿಯದು.

"ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇದೊಂದೇ ದಾರಿ ಕಣಕ್ಕ."

"ಹಾವು ಯಾಕೋ ಸಾಯಬೇಕು? ಮೊದಲು ಅದನ್ನ ಹೇಳು."

"ಈಗ ಪ್ರವಚನ ಬೇಡ!"

"ಪ್ರವಚನ ಅಲ್ಲ. ನೀನು ಇದನ್ನ ಒಳಗಿಟ್ಟ ದಿನ ನಾನು ಈ ಹೊಸ್ತಿಲು ಮೆಟ್ಟಲ್ಲ."

"ಅಂಗಡಿ ಮುಚ್ಚಿಹೋದ್ರೆ ಮೆಟ್ಟೋಕೆ ಹೊಸ್ತಿಲೆಲ್ಲಿರತ್ತೆ?"

ಮಾತಿನಲ್ಲಿ ಇಬ್ಬರೂ ಸೋಲುವವರಲ್ಲ. ಕಡೆಗೆ ಒಪ್ಪಂದವಾಯಿತು: ಆಸ್ಪತ್ರೆಯ ಮುಂದಿನ ಮೂಟೆ ಹೊರಡುವವರೆಗೆ ಅಕ್ಕನಿಗೆ ಕಾಲಾವಕಾಶ. ಆಗಲೂ ಹುಳ ಕಂಡರೆ ಡಬ್ಬಿಯ ಮುಚ್ಚಳ ತೆಗೆಯುವುದೇ ಸರಿ.

ಅಕ್ಕ ಕಣ್ಣಲ್ಲಿ ಕಣ್ಣಿಟ್ಟು ದುಡಿದಳು. ಒಂದು ಕಾಳನ್ನೂ ಬಿಡದೆ ಜರಡಿ ಹಿಡಿದು, ಮೂಟೆ ಹೊಲಿದಿಟ್ಟಳು. ಮರುದಿನ ಮೂಟೆಯ ಹೊರಮೈಯಲ್ಲೇ ಹುಳ ಹರಿದಾಡುತ್ತಿತ್ತು. ಮತ್ತೆ ಸೋಸಿದಳು, ಮತ್ತೆ ಬಂದವು. ಮೂರನೆಯ ಸಲ ಆಕೆ ಜರಡಿಯನ್ನು ಬದಿಗಿಟ್ಟು, ಗೋಣಿಯ ಮೇಲೆ ಕುಳಿತು, ಬರುವ ಹುಳದ ಹಾದಿಯನ್ನು ಹಿಮ್ಮುಖವಾಗಿ ನೋಡತೊಡಗಿದಳು. ಮೂಟೆಯಿಂದ ಗೋಡೆಗೆ, ಗೋಡೆಯಿಂದ ತೊಲೆಯ ಬುಡದ ಬಿರುಕಿಗೆ. ಬಿರುಕಿನ ಆಚೆ ಏನಿದೆ? ಪಾಳು ಕೋಣೆ. ಕೋಣೆಯ ಬಾಗಿಲು ತೆರೆದರೆ ತಟ್ಟೆಗಳಿಂದ ಗೋಡೆಯುದ್ದಕ್ಕೂ ಕಂದು ಹುಳಗಳ ಸಾಲು.

ತಮ್ಮ ಬಂದಾಗ ಆಕೆ ಅಲ್ಲೇ ನೆಲದ ಮೇಲೆ ಕುಳಿತಿದ್ದಳು.

"ನಾನೇ ಸಾಕಿದ್ದು ಕಣೋ," ಎಂದಳು. "ಇಷ್ಟು ವರ್ಷ ಉಣ್ಣಿಸಿ ಉಣ್ಣಿಸಿ ಬೆಳೆಸಿದ್ದೀನಿ. ಈಗ ನೀನು ಮಾತ್ರೆ ಇಟ್ರೆ ಸಾಯೋದೆಲ್ಲ ನಾನು ಹುಟ್ಟಿಸಿದ್ದೇ."

ತಮ್ಮನಿಗೆ ನಗು ಉಕ್ಕಿ ಬಂತು. ಅಕ್ಕನ ಮುಖ ನೋಡಿ ಅರ್ಧಕ್ಕೇ ನುಂಗಿಕೊಂಡ.

"ಕರುಣೆ ತಪ್ಪು ಅಂತೀಯಾ ಈಗ?"

"ಕರುಣೆ ತಪ್ಪಲ್ಲ. ಅಮ್ಮ ಸೋಸಿದ ಜೀವವನ್ನ ಬಾವಿಗೇ ಬಿಡ್ತಿದ್ಳು. ಅಡುಗೆಮನೆ ಕೊಡದಲ್ಲಿ ಸಾಕ್ಕೊಳ್ತಿರ್ಲಿಲ್ಲ. ನಾನು ಸೋಸೋದು ಕಲಿತೆ, ಬಿಡೋದು ಕಲೀಲಿಲ್ಲ."

ಅಹಿಂಸೆಯೆಂದರೆ ಕೈಕಟ್ಟಿ ಕುಳಿತುಕೊಳ್ಳುವುದು ಎಂದು ತಿಳಿದವರು ಮುಂದಿನದನ್ನು ಗಮನವಿಟ್ಟು ಓದಬೇಕು. ಪ್ರತಿ ಕೆಲಸದಲ್ಲೂ ಜೀವಕ್ಕೆ ನೋವಾಗದಂತೆ ವಹಿಸುವ ಎಚ್ಚರಕ್ಕೆ ಜೈನರಲ್ಲಿ ಯತ್ನಾಚಾರ ಎಂದು ಹೆಸರು. ಅದು ಬೆವರಿಳಿಸುವ ಕೆಲಸ. ಅಕ್ಕ, ತಮ್ಮ ಸೇರಿ ತಟ್ಟೆಗಳನ್ನು ಕಾಳಿನ ಸಮೇತ ಕೈಗಾಡಿಯಲ್ಲಿಟ್ಟು, ಕೊನೆಯ ಮನೆಗಳಾಚೆ ಯಾರೂ ಉಳದ ಹುಲ್ಲುಬಯಲಿಗೆ ಒಯ್ದು, ಪೊದೆಯ ನೆರಳಿನಲ್ಲಿ ಇಳಿಸಿದರು. ಅಲ್ಲಿ ಅವು ಎಷ್ಟು ಕಾಲ ಬದುಕಿದವೆಂದು ಯಾರೂ ಹೇಳಲಾರರು. ಬಯಲಿನಲ್ಲಿ ಹಕ್ಕಿಗಳೂ ಇದ್ದವು. ತಾನು ಎಲ್ಲವನ್ನೂ ಉಳಿಸಿದೆನೆಂದು ಆಕೆ ಎಂದೂ ಹೇಳಿಕೊಂಡವಳಲ್ಲ.

ಬಳಿಕ ಉಗ್ರಾಣವನ್ನು ಬರಿದು ಮಾಡಿದರು. ತೊಲೆ, ಮೂಲೆ, ಸಂದುಗಳನ್ನೆಲ್ಲ ಕುಂಚದಿಂದ ಗುಡಿಸಿ, ಒಳಗೆ ಜೀವವಿಲ್ಲವೆಂದು ಖಾತ್ರಿಯಾದ ಮೇಲೆಯೇ ಬಿರುಕುಗಳಿಗೆ ಗಾರೆ ತುಂಬಿದರು. ಗಿರಣಿಯವನು ಬಾಗಿಲಲ್ಲಿ ನಿಂತು, "ಏನು, ಹೆರಿಗೆ ಆಸ್ಪತ್ರೆ ಮುಚ್ಚಿಬಿಟ್ರಾ?" ಎಂದ.

"ಮುಚ್ಚಿದ್ವಿ. ನೀನು ಸುಮ್ನೆ ನಿಂತಿದ್ದೀಯಲ್ಲ, ಆ ಏಣಿ ಹಿಡ್ಕೋ," ಎಂದಳು ಅಕ್ಕ. ಅವನು ಬೈದುಕೊಳ್ಳುತ್ತಲೇ ಸಂಜೆಯವರೆಗೂ ಹಿಡಿದುಕೊಂಡು ನಿಂತ. ತಮ್ಮ ಅಂದೇ ಡಬ್ಬಿಯನ್ನು ತಂದ ಅಂಗಡಿಗೆ ಹಿಂದಿರುಗಿಸಿದ. ಅವನಿಗೆ ಹೋಗೆಂದು ಯಾರೂ ಹೇಳಿರಲಿಲ್ಲ.

ಹೊಸ ಕಾಳು ಸ್ವಲ್ಪ ಸ್ವಲ್ಪವೇ ಬಂತು. ಹುಳ ಹುಟ್ಟುವ ಮೊದಲೇ ಅದನ್ನು ಬಿಸಿಲಿಗೆ ಹರವಿ, ಗರಿಗರಿಯಾಗಿ ಒಣಗಿಸಿ, ಆರಿದ ಮೇಲೆ ಬಿಗಿ ಮುಚ್ಚಳದ ತಗಡಿನ ಪೀಪಾಯಿಗಳಿಗೆ ತುಂಬಿದರು. ತೇವವಿಲ್ಲದಲ್ಲಿ ಹುಳ ಹುಟ್ಟುವುದು ಕಡಿಮೆ. ಹುಟ್ಟದಿದ್ದರೆ ಕೊಲ್ಲುವ ಮಾತೇ ಇಲ್ಲ.

ಮೇಲ್ವಿಚಾರಕಿ ಬಂದು ಪೀಪಾಯಿಯೊಳಗೆ ಮೊಣಕೈವರೆಗೆ ತೋಳಿಳಿಸಿ, ಕಾಳನ್ನು ಮೇಲೆತ್ತಿ, ಬೆಳಕಿಗೆ ಹಿಡಿದು ನೋಡಿದಳು.

"ಒಂದೂ ಇಲ್ವಲ್ಲ! ಇನ್ಮೇಲೆ ಬರೋದೇ ಇಲ್ಲ ಅಂತ ಮಾತು ಕೊಡ್ತೀರಾ?"

ತಮ್ಮ, "ಹೂಂ ಅನ್ನು" ಎಂದು ಅಕ್ಕನನ್ನು ಕಣ್ಣಿನಲ್ಲೇ ಬೇಡಿಕೊಂಡ. ಅಕ್ಕ ಇಲ್ಲವೆಂದು ತಲೆಯಾಡಿಸಿದಳು.

"ಸುಳ್ಳು ಹೇಳಲ್ಲಮ್ಮ. ಬಂದ್ರೂ ಬರಬಹುದು. ತಿಂಗಳದ್ದು ಒಟ್ಟಿಗೆ ಒಯ್ಯಬೇಡಿ, ವಾರ ವಾರ ಒಯ್ಯಿರಿ. ಒಂದು ಕಂಡ್ರೂ ಮೂಟೆ ವಾಪಸ್ ಕಳಿಸಿ, ನಾನು ಬದಲು ಕೊಡ್ತೀನಿ. ಆದ್ರೆ ಅಲ್ಲಿ ಸಾಯಿಸ್ಬೇಡಿ."

ಮೇಲ್ವಿಚಾರಕಿ ಕೈಯ ಕಾಳನ್ನು ಬಾಯಿಗೆ ಹಾಕಿಕೊಂಡು ಕಟಕ್ಕನೆ ಕಡಿದಳು. "ನಿಮ್ಮ ಹತ್ರ ವ್ಯಾಪಾರ ಮಾಡೋದು ಕಷ್ಟ ಅಕ್ಕಾ," ಎಂದು ನಕ್ಕು, ಕೂಲಿಯವನನ್ನು ಒಳಗೆ ಕರೆದಳು.

ಮರುವಾರದ ಕಾಳು ಅಂಗಳದಲ್ಲಿ ಒಂದು ಬಿಸಿಲು ಕಂಡ ಮೇಲೆ ಅಕ್ಕ ಪೀಪಾಯಿಯ ಮುಚ್ಚಳ ತೆಗೆಯಲು ಹೋದಳು. ತಮ್ಮ ಕಾಳಿನ ರಾಶಿಯೊಳಗೆ ಕೈಯಿಳಿಸಿ, ಒಂದು ಹಿಡಿ ತೆಗೆದು ಕೆನ್ನೆಗೆ ಒತ್ತಿ ನೋಡಿ, ಆಕೆಯನ್ನು ತಡೆದ.

"ತುಂಬಬೇಡಕ್ಕ, ತಣ್ಣಗಿದೆ, ಇನ್ನೂ ತೇವ ಹೋಗಿಲ್ಲ. ಇನ್ನೊಂದು ಬಿಸಿಲು ಕಾಣಲಿ."