ವರ್ನರನಿಗೆ ಹೇಳಿದ ಶಾಪ

ದೃಷ್ಟಿ, ಶಾಪ, ನಿಂಬೆಹಣ್ಣು ಇಂಥವನ್ನೆಲ್ಲ ನಾನು ನಂಬಿದವನಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಹಲವು ವರ್ಷಗಳ ಹಿಂದೆ ಪರದೇಶದಲ್ಲಿ, ಸ್ಕಾರ್‌ಬರೋದ ನಮ್ಮ ಮನೆಯ ಮುಂದೆ ಹಾಡಹಗಲಲ್ಲಿ ನಡೆದದ್ದನ್ನು ಇನ್ನು ಮುಚ್ಚಿಟ್ಟುಕೊಳ್ಳಲು ನನ್ನಿಂದ ಆಗುವುದಿಲ್ಲ.

ಆಗ ನಾನು ಬೋಲ್ಟನ್ನಿನ ಗೋದಾಮುಗಳಿಂದ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದೆ. ಪಕ್ಕದ ಮನೆಯಲ್ಲಿ ವರ್ನರ್ ಎಂಬ ಜರ್ಮನ್ ಮುದುಕ ಒಬ್ಬನೇ ಇದ್ದ. ಎರಡನೆಯ ಮಹಾಯುದ್ಧದಲ್ಲಿ, ಲಾರಿಗಳಲ್ಲಿ ಸಾಗುವ ಕಾಲಾಳುಗಳ ಪಡೆಯಲ್ಲಿ, ಉತ್ತರ ಆಫ್ರಿಕಾಕ್ಕೆ ಹೋಗಿದ್ದವನು. ಬ್ರಿಟಿಷರ ಸೈನ್ಯದಲ್ಲಿ ಲಾರಿ ಡ್ರೈವರಾಗಿದ್ದ ನನ್ನ ದೊಡ್ಡಪ್ಪ ಅದೇ ಮರುಭೂಮಿಯಿಂದ ಹಿಂದಿರುಗಲಿಲ್ಲ. ನನಗೆ ಅಷ್ಟೇ ಸಾಕಾಯಿತು. ಮುದುಕ ಕೈ ಬೀಸಿದರೆ ಮುಖ ತಿರುಗಿಸುತ್ತಿದ್ದೆ. ನಮ್ಮ ಅಂಗಳದಲ್ಲಿ ಬಿದ್ದ ಸ್ನೋ ಎತ್ತಿ ಅವನ ಬಾಗಿಲಿಗೇ ಎಸೆಯುತ್ತಿದ್ದೆ.

ಒಂದು ಆಯುಧಪೂಜೆಯ ದಿನ ಹೆಂಡತಿಯ ಒತ್ತಾಯಕ್ಕೆ ವ್ಯಾನಿಗೆ ಕುಂಕುಮ ಹಚ್ಚಿ, ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟಿದ್ದೆ. ವರ್ನರ್ ಕೋಲೂರಿಕೊಂಡು ಬಂದು ಅವನ್ನೇ ನೋಡುತ್ತ ನಿಂತ.

"ನಾವು ಹಿಡಿದ ಇಂಡಿಯನ್ ಲಾರಿಯೊಂದರ ಕೆಳಗೂ ಇದೇ ಇತ್ತು," ಎಂದ ಇಂಗ್ಲಿಷಿನಲ್ಲಿ. "ಬಾಯಾರಿತ್ತು, ಹಿಂಡಿ ಕುಡಿದೆವು. ಡ್ರೈವರ್ ಕೈಮುಗಿದು ಏನೋ ಬೇಡಿಕೊಂಡ. ನಾವು ನಕ್ಕೆವು. ಇದನ್ನು ಏಕೆ ಇಡುತ್ತೀರಿ?"

"ಆಮೇಲೆ ಆ ಡ್ರೈವರ್?"

ಅವನು ನೆಲ ನೋಡಿದ.

ಪ್ರಯಾಣ ಸುಖವಾಗಲಿ ಎಂದು ಇಡುತ್ತೇವೆ, ಅಷ್ಟೆ. ನಾನು ಅದನ್ನು ಹೇಳಲಿಲ್ಲ. "ಇದು ಶಾಪ. ಕದ್ದು ಕುಡಿದವನ ಮನೆಯಲ್ಲಿ ಯಾರೂ ಉಳಿಯುವುದಿಲ್ಲ," ಎಂದೆ. ಅವನ ಹೆಂಡತಿ, ಇಬ್ಬರು ಮಕ್ಕಳು ಸತ್ತದ್ದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಅವನ ಮುಖ ಬಿಳಿಚಿಕೊಂಡದ್ದು ಕಂಡು ನನಗೆ ಸಂತೋಷವೂ ಆಯಿತು.

ಅವನು ಒಳಗೆ ಹೋದ ಮೇಲೆ ವ್ಯಾನು ಮುಂದಕ್ಕೆ ಬಿಟ್ಟೆ. ಚಕ್ರಗಳು ಏರಿ ಇಳಿದದ್ದು ಸೀಟಿನಲ್ಲೇ ತಿಳಿಯಿತು.

"ರೀ, ಒಂದೂ ಒಡೆದಿಲ್ಲ ಕಣ್ರೀ! ರಿವರ್ಸ್ ತಗೊಳ್ಳಿ," ಎಂದು ಹೆಂಡತಿ ಕೂಗಿದಳು.

ಹಿಂದೆ ತಂದೆ, ಮುಂದೆ ಬಿಟ್ಟೆ, ಮತ್ತೆ ಹಿಂದೆ ತಂದೆ. ಇಳಿದು ನೋಡಿದರೆ ಹಣ್ಣುಗಳೆಲ್ಲ ಇಟ್ಟಲ್ಲೇ ಇದ್ದವು. ಸಿಪ್ಪೆಯ ಮೇಲೆ ಟೈರಿನ ಅಚ್ಚು ಮೂಡಿತ್ತು, ಒಂದು ಹನಿ ರಸ ಬಂದಿರಲಿಲ್ಲ. ಸಿಟ್ಟಿನಿಂದ ಒಂದನ್ನು ಬೂಟುಗಾಲಲ್ಲಿ ತುಳಿದೆ. ಅದು ಪಿಚಕ್ಕನೆ ಒಡೆಯಿತು.

"ಆ ಅಜ್ಜನಿಗೆ ಏನಂದ್ರಿ ನೀವು? ಹೋಗಿ ಸಾರಿ ಕೇಳಿ," ಎಂದಳು ಹೆಂಡತಿ. ಆ ದಿನ ನಾನು ಹೋಗಲಿಲ್ಲ.

ಟೈರಿನಲ್ಲಿ ಗಾಳಿ ಕಡಿಮೆ ಇದ್ದಿರಬೇಕು ಎನ್ನುತ್ತಾನೆ ಮಗ. ಇರಬಹುದು. ಎರಡು ಟನ್ನಿನ ವ್ಯಾನಿಗೆ ಬಗ್ಗದ್ದು ನನ್ನ ಕಾಲಿಗೆ ಏಕೆ ಬಗ್ಗಿತು ಎಂದರೆ ಅವನು ಮಾತು ಬದಲಿಸುತ್ತಾನೆ.

ಮರುದಿನ ಹೋಗಿ ಬಾಗಿಲು ತಟ್ಟಿದೆ. ವರ್ನರ್ ತೆರೆದ. ಬೈಯುತ್ತಾನೆ ಎಂದುಕೊಂಡಿದ್ದೆ. ನನ್ನನ್ನು ಕಂಡು, ಕದ್ದು ಸಿಕ್ಕಿಬಿದ್ದ ಮಗುವಿನಂತೆ ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡು ಹಿಂದೆ ಸರಿದ, ಭುಜದಿಂದ ಬಾಗಿಲು ದೂಡಿ ಮುಚ್ಚಿದ. ನಾನು ಹೇಳಿದ್ದು ಸುಳ್ಳು ಎಂದು ಹೊರಗೇ ನಿಂತು ಕೂಗಿ ಕೂಗಿ ಹೇಳಿದೆ. ಒಳಗೆ ಚಿಲಕ ಬಿದ್ದ ಸದ್ದು ಕೇಳಿಸಿತು. ಆ ಚಳಿಗಾಲದಲ್ಲೇ ಅವನು ತೀರಿಕೊಂಡ. ಸುಳ್ಳನ್ನು ಒಂದೇ ಮಾತಿಗೆ ನಂಬಿದವನು ನಿಜವನ್ನು ನಂಬಿದನೋ ಇಲ್ಲವೋ, ನನಗೆ ತಿಳಿಯದು.