ಹೀರೋನ ಮಾತು

ಹಳ್ಳಿ ನಾಟಕದಲ್ಲಿ ಗಂಡು ಪಾತ್ರ ಎಲ್ಲ ಊರಿನವರೇ ಮಾಡ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ನಮ್ಮಂಥವರನ್ನ ಚಿತ್ರದುರ್ಗದಿಂದ ಕರೆಸ್ತಾರೆ. ತೊಂಬತ್ತರ ದಶಕದಲ್ಲಿ ಒಂದ್ಸಲ, ಮೊದಲ ಬಾರಿ ಹೀರೋಯಿನ್ ಆಗಿ ಹೊಳಲ್ಕೆರೆ ಕಡೆಯ ಬಿ.ದುರ್ಗ ಅನ್ನೋ ಹಳ್ಳಿಗೆ ಹೊರಟಿದ್ದೆ. ಬಸ್ಸಲ್ಲಿ ಪಕ್ಕಕ್ಕೆ ಸುಶೀಲಕ್ಕ, ಇಪ್ಪತ್ತು ವರ್ಷದಿಂದ ಬಣ್ಣ ಹಚ್ಚಿಕೊಂಡು ಬಂದಾಕೆ.

"ನಿನ್ನ ಮಾತು ಬಾಯಿಪಾಠ ಆಗೈತೇನೆ?"

"ಆಗೈತಕ್ಕ."

"ಹೀರೋಂದು?"

"ಅವಂದು ನಾನ್ಯಾಕೆ ಕಲೀಲಿ?"

ಅಕ್ಕ ನಾಟಕದ ಪುಸ್ತಕ ನನ್ನ ತೊಡೆ ಮೇಲೆ ಹಾಕಿದ್ಲು. "ಓದು, ಹೊಳಲ್ಕೆರೆ ಇನ್ನೂ ದೂರ ಐತೆ. ಅಳುವಾಗ ಸೆರಗು ಬಾಯಿಗೆ ಅಡ್ಡ ಇಟ್ಕೊ."

ಹೀರೋ ಕುರಿ ಸಾಕೋ ಮನೆಯವನು, ಮೂರು ತಿಂಗಳು ತಾಲೀಮು ಮಾಡಿದ್ದ. ಅವತ್ತು ರಾತ್ರಿ ನಾಟಕದಲ್ಲಿ ಗಂಡ ಹೆಂಡ್ತೀನ ಮನೆಯಿಂದ ಹೊರಹಾಕೋ ಸೀನು ಬಂತು. ಮುಂದಿನ ಸಾಲಲ್ಲಿ ಕೂತಿದ್ದ ತನಗೆ ಹೆಣ್ಣು ಕೊಟ್ಟ ಮಾವನ್ನ ನೋಡಿದ್ದೇ ತಡ, ಅವನ ಬಾಯಿ ಕಟ್ಟಿಹೋಯ್ತು. ಪರದೆ ಮರೆಯಿಂದ ನಾಟಕದ ಮೇಷ್ಟ್ರು ಹೇಳಿಕೊಟ್ಟಿದ್ದೂ ಕೇಳಿಸಲಿಲ್ಲ. ನಾನು ಅವನ ತೋಳು ಹಿಡ್ಕೊಂಡು, ಸೆರಗು ಬಾಯಿಗಿಟ್ಟು, ಬಿಕ್ಕಿ ಬಿಕ್ಕಿ ಅಳ್ತಾ ಅವನ ಮಾತು ಒಂದೊಂದೇ ಉಸುರಿದೆ: "ಪಾಪಿ... ಮನೆಹಾಳಿ... ನಡಿ ನನ್ನ ಮನೆಯಿಂದಾಚೆ." ನನ್ನನ್ನ ನಾನೇ ಬೈಕೊಂಡಂಗೆಲ್ಲ ಅವನು ಗುಡುಗ್ತಾ ಹೋದ.

ಜನ ಶಿಳ್ಳೆ ಹೊಡೆದ್ರು. ಮಾವ ಸ್ಟೇಜ್ ಹತ್ತಿ ಅಳಿಯನ ಬೆರಳಿಗೆ ಉಂಗುರ ತೊಡಿಸಿ ಮೈಕಲ್ಲಿ ಅಂದ್ರು: "ಒಂದು ಮಾತೂ ತಪ್ಪಲಿಲ್ಲ ನೋಡ್ರಿ ನಮ್ಮಳಿಯ!"

ಪರದೆ ಮರೆಯಲ್ಲಿ ಸುಶೀಲಕ್ಕಾನೂ ಬಾಯಿಗೆ ಸೆರಗು ಇಟ್ಕೊಂಡು ನಿಂತಿದ್ಲು, ನಗು ತಡೆಯಕ್ಕೆ.

ಕೊನೇ ಸೀನಲ್ಲಿ ಗಂಡ ಹೆಂಡ್ತಿಯ ಕ್ಷಮೆ ಕೇಳ್ಬೇಕಿತ್ತು. ಅದನ್ನೂ ನಾನೇ ಹೇಳಿಕೊಟ್ಟೆ, ಪುಸ್ತಕದಲ್ಲಿ ಇದ್ದದ್ದಕ್ಕಿಂತ ಎರಡು ಸಾಲು ಜಾಸ್ತೀನೇ.